ಜಾಗ ಹಿಡಿದ ಚೀಲ

ನನಗೆ ಆಗ ಐವತ್ತೊಂಬತ್ತು. ಇದು ನಡೆದು ಹನ್ನೊಂದು ವರ್ಷವಾಯಿತು. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಅಗರಖೇಡದ ಬಸ್ಸಿನಿಂದ ಎಲ್ಲರನ್ನೂ ಕೂಗಿ ಕೆಳಗಿಳಿಸಿದೆ. ನನ್ನೂರಿನ ಮಂದಿಗೆ ನಾನು ಮರಾಠಿಯಲ್ಲಿ ಕೂಗಿದ್ದೆ ಎಂದು ನನಗೇ ತಿಳಿದದ್ದು ಆಮೇಲೆ.

ಮುಂಬಯಿಗೆ ಬಂದದ್ದು ಗಂಡನ ಜೊತೆ, ಕಟ್ಟಡದ ಕೆಲಸಕ್ಕೆ. ಇಲ್ಲಿ ನಮಗೆ ಸಿಕ್ಕದ್ದು ಖೋಲಿ, ಅಂದರೆ ಒಂದೇ ಕೋಣೆಯ ಮನೆ. ಊರಲ್ಲಿ ನಮ್ಮ ಎತ್ತುಗಳಿಗೆ ಅದಕ್ಕಿಂತ ದೊಡ್ಡ ಜಾಗವಿತ್ತು. ಜೋಳದ ಹಿಟ್ಟು ಸಿಗುತ್ತಿತ್ತು. ಆದರೆ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಕೋಲಿನಿಂದ ಛಾವಣಿ ಕುಟ್ಟುತ್ತಿದ್ದರು. ಸದ್ದಿಲ್ಲದೆ ಲಟ್ಟಿಸುವುದನ್ನು ಕಲಿತೆ.

ಒಂದು ಸಂಜೆ ಲೋಕಲ್ ರೈಲಿನಲ್ಲಿ ಯಾರೋ ಇಟ್ಟುಹೋದ ಚೀಲ ಸಿಡಿಯಿತು. ಗಂಡ ಆ ಬೋಗಿಯಲ್ಲಿದ್ದ. ನನಗೆ ಒಂದು ಚಪ್ಪಲಿ ತೋರಿಸಿದರು. ಹೌದು ಅಂದೆ.

ಆಮೇಲೆ ಸ್ಟೇಷನ್ನಿನ ಸ್ಪೀಕರಿನಲ್ಲಿ ದಿನವಿಡೀ ಅದೇ ಮಾತು: ಬೇವಾರಸ ಚೀಲ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ಹೇಳಿ. ಬೇವಾರಸ ಎಂದರೆ ಹೇಳುವವರು ಕೇಳುವವರು ಇಲ್ಲದ್ದು. ನಾನು ಮರಾಠಿ ಕಲಿತದ್ದು ಹೆಚ್ಚಾಗಿ ಆ ಸ್ಪೀಕರಿನಿಂದ. ಬೇರೆ ಯಾರು ನನ್ನ ಜೊತೆ ಮಾತಾಡುತ್ತಿದ್ದರು?

ಊರಿಗೆ ಬಂದುಬಿಡು ಎಂದು ತಂಗಿ ಹಟ ಹಿಡಿದಳು. ಇನ್ನು ಸಾಯುವುದು ಅಲ್ಲೇ ಎಂದುಕೊಂಡು ಹೋದೆ. ಇಂಡಿಯಲ್ಲಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಒಂದು ಕರಿ ಚೀಲ. ಹತ್ತಿರ ಯಾರೂ ಇಲ್ಲ. ನಮ್ಮ ಕಡೆ ಕಿಟಕಿಯಿಂದ ಟವೆಲ್ಲೋ ಚೀಲವೋ ಒಗೆದು ಜಾಗ ಹಿಡಿದು, ಚಹಾ ಕುಡಿಯಲು ಹೋಗುತ್ತಾರೆ. ನಾನೂ ಎಷ್ಟೋ ಸಲ ಹಿಡಿದವಳೇ. ಅದು ನೆನಪಾಗಲಿಲ್ಲ. ಯಾರದು ಎಂದು ಎರಡು ಸಲ ಕೇಳಿ, ಕೂಗಿದೆ.

ಮಂದಿ ಇಳಿದರು, ನಕ್ಕರು. ಈ ಆಯಿಗೆ ಮುಂಬಯಿ ಗಾಳಿ ಬಡಿದಿದೆ ಎಂದ ಕಂಡಕ್ಟರ್. ಅಷ್ಟರಲ್ಲಿ ಬುರ್ಖಾದ ಮುದುಕಿಯೊಬ್ಬಳು ನೀರಿನ ಬಾಟಲಿ ಹಿಡಿದು ಬಂದು, ಚೀಲ ತನ್ನದು ಎಂದಳು. ನಗು ನಿಂತಿತು.

ಹಿಂದಿನಿಂದ ಒಬ್ಬ ಅಂದ, "ಬಿಚ್ಚಿ ತೋರಸಬೇ. ಇವರ ಚೀಲಾ ನೋಡೇ ಬಸ್ ಹತ್ತಬೇಕು."

ಆಗ ಅವಳ ಮುಖ ಕಂಡೆ. ಖಾತೂನಬಿ. ಅಗರಖೇಡದಲ್ಲಿ ತಂಗಿಯ ಮನೆಯ ಎದುರಿನವಳು. ಹರೆಯದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಹತ್ತಿ ಬಿಡಿಸಿದವರು. ಅವಳು ಚೀಲವನ್ನು ಬಸ್ಸಿನ ಮೆಟ್ಟಿಲ ಮೇಲೆ ಸುರಿದಳು. ಒಣಗಿಸಿದ ಕಟಿ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ರೊಟ್ಟಿ ಚೂರಾದವು.

"ನೀ ಇವತ್ತ ಬರ್ತಿ ಅಂತ ನಿನ್ನ ತಂಗಿ ಹೇಳಿದ್ಲು," ಎಂದಳು ನನಗೆ. "ನಿನಗಂತ ಜಾಗಾ ಹಿಡದಿದ್ದೆ, ಶಾಂತವ್ವ. ಕೂಡು."

ಕೂತೆ. ಸರಿದು ಪಕ್ಕದಲ್ಲಿ ಜಾಗ ಬಿಟ್ಟೆ. ಅವಳು ಅಗರಖೇಡದವರೆಗೆ ನಿಂತೇ ಬಂದಳು.

ಚೀಲ ಇಟ್ಟು ನನ್ನ ಗಂಡನನ್ನು ಕೊಂದವರ ಮುಖ ನನಗೆ ಗೊತ್ತಿಲ್ಲ. ಅವರ ಭಯವನ್ನು ಇಂಡಿಯವರೆಗೆ ಹೊತ್ತು ತಂದವಳು ನಾನು. ಊರಲ್ಲಿ ನಿಲ್ಲಲಾಗದೆ ಮರಳಿ ಬಂದು, ಈಗಲೂ ಮುಂಬಯಿಯಲ್ಲೇ ಇದ್ದೇನೆ. ಇಲ್ಲಿ ಚೀಲ ಕಂಡು ಕೂಗಿದರೆ ಯಾರೂ ನಗುವುದಿಲ್ಲ. ನನಗಾಗಿ ಯಾರೂ ಜಾಗ ಹಿಡಿಯುವುದೂ ಇಲ್ಲ.

ಅಂದು ಊರು ತಲುಪಿದ ಮರುದಿನ ಬೆಳಿಗ್ಗೆ ತಂಗಿಯ ಒಲೆಯ ಮುಂದೆ ಹತ್ತು ರೊಟ್ಟಿ ಬಡಿದೆ, ಸದ್ದು ಮಾಡಿ. ಚೀಲಕ್ಕೆ ಹಾಕಿಕೊಂಡು ಖಾತೂನಬಿಯ ಮನೆಗೆ ಹೋದೆ. ಕದ ಮುಚ್ಚಿತ್ತು. ಕಟ್ಟೆಯ ಮೇಲೆ ಇಟ್ಟು ಬರಬಹುದಿತ್ತು. ಊರಲ್ಲಿ ಎಲ್ಲರೂ ಹಾಗೇ ಇಡುತ್ತಾರೆ. ನನ್ನಿಂದ ಇಡಲಾಗಲಿಲ್ಲ. ಇಂಡಿಯ ಬಸ್ಸು ಹಾರ್ನ್ ಹೊಡೆಯಿತು, ಹೋಯಿತು. ಕದ ತೆರೆಯುವವರೆಗೆ ಚೀಲ ಕೈಯಲ್ಲಿ ಹಿಡಿದುಕೊಂಡೇ ನಿಂತೆ.