ಚಪ್ಪಲಿಗಿಂತ ಮೇಲೆ ಮಾತಾಡಬಾರದೇ?

ಒಬ್ಬರ ಬಾಯಿ ಮುಚ್ಚಿಸಿ, ಅದಕ್ಕೆ ಚಪ್ಪಾಳೆಯನ್ನೂ ತಟ್ಟಿಸಿದ್ದೀರಾ? ಕಳೆದ ಭಾನುವಾರ ನಾನು ತಟ್ಟಿಸಿದೆ. ಅದು ತಿಳಿದಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಹೆಬ್ಬಗೋಡಿಯಲ್ಲಿ ಗಾರ್ಮೆಂಟ್ಸ್ ಕೆಲಸಗಾರರಿಗೆ ನಾನು ವಾರಕ್ಕೊಮ್ಮೆ ಇಂಗ್ಲಿಷ್ ಕಲಿಸುತ್ತೇನೆ. ಕೊನೆಯ ಹತ್ತು ನಿಮಿಷ ಒಂದು ವಿಚಿತ್ರ ಪದ, ಅದರ ಹುಟ್ಟಿನ ಕತೆ. ಆಮೇಲೆ ಎಲ್ಲರೂ ಆ ಪದ ಬಳಸಿ ತಮ್ಮ ಕೆಲಸದ ಬಗ್ಗೆ ಒಂದು ವಾಕ್ಯ ಬರೆಯಬೇಕು. ಅದು ನಮ್ಮ ನಿಯಮ.

ಅಂದಿನ ಪದ: ಅಲ್ಟ್ರಾಕ್ರೆಪಿಡೇರಿಯನ್. (ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೇಲೆ ಎಸೆಯಲೆಂದೇ ಬಾಯಿಪಾಠ ಮಾಡಿದ್ದೆ.) ತನಗೆ ತಿಳಿಯದ ವಿಷಯದಲ್ಲಿ ಅಭಿಪ್ರಾಯ ಹೇಳುವವನು ಎಂದರ್ಥ. ಪ್ರಾಚೀನ ಗ್ರೀಸಿನಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಚಿತ್ರವೊಂದರಲ್ಲಿನ ಚಪ್ಪಲಿಯ ತಪ್ಪು ತೋರಿಸಿದನಂತೆ. ಕಲಾವಿದ ತಿದ್ದಿಕೊಂಡ. ಮರುದಿನ ಅವನು ಕಾಲಿನ ತಪ್ಪನ್ನೂ ಹೇಳಿದಾಗ ಕಲಾವಿದ ಸಿಡುಕಿದ: ‘ಚಪ್ಪಲಿಗಿಂತ ಮೇಲೆ ಮಾತಾಡಬೇಡ!’ ಆ ಮಾತಿನ ಲ್ಯಾಟಿನ್ ರೂಪದಿಂದ ಈ ಪದ.

“ಈ ಪದ ನಮ್ ಸೂಪರ್‌ವೈಸರ್‌ಗೇ ಕಣ್ರೇ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನಗೆಯೋ ನಗೆ.

ಎಂಟು ವರ್ಷದಿಂದ ಶರ್ಟಿನ ಕಾಲರ್ ಹೊಲಿಯುತ್ತಿರುವ ಮಂಜುಳಾ ಬರೆದರು: ‘ಐ ಆ್ಯಮ್ ಆ್ಯನ್ ಅಲ್ಟ್ರಾಕ್ರೆಪಿಡೇರಿಯನ್.’ ತನ್ನನ್ನೇ ಹಾಸ್ಯ ಮಾಡಿಕೊಳ್ಳುವ ಧೈರ್ಯವೆಂದು ಚಪ್ಪಾಳೆ ತಟ್ಟಿಸಿದೆ. ಹಾಗೇಕೆ ಬರೆದಿರಿ ಎಂದು ಕೇಳಲಿಲ್ಲ. ವಾಕ್ಯ ಸರಿಯಿತ್ತಲ್ಲ!

ಗುರುವಾರ ಬಸ್‌ಸ್ಟಾಪಿನಲ್ಲಿ ಸಿಕ್ಕರು.

“ನಿನ್ನೆ ಸೇಫ್ಟಿ ಮೀಟಿಂಗ್ ಇತ್ತು ಸಾರ್. ಎಮರ್ಜೆನ್ಸಿ ಬಾಗ್ಲಿಗೆ ಅಡ್ಡ ರಟ್ಟಿನ ಬಾಕ್ಸ್ ಪೇರಿಸ್ಬಿಟ್ಟವ್ರೆ. ಹೇಳ್ಬೇಕು ಅಂತ ಹೆಸ್ರು ಕೊಟ್ಟಿದ್ದೆ. ವಾಪಸ್ ತಗೊಂಡ್ಬಿಟ್ಟೆ.”

“ಯಾಕಮ್ಮಾ?”

“‘ನೀನು ಕಾಲರ್ ಹೊಲಿ, ಬಾಗ್ಲು ನಿನ್ ಸಬ್ಜೆಕ್ಟಾ?’ ಅಂತ ಸೂಪರ್‌ವೈಸರ್ ಮೊದ್ಲಿಂದ್ಲೂ ಅಂತಾನೇ ಇದ್ರು. ನಾನ್ ಕೇರ್ ಮಾಡ್ತಿರ್ಲಿಲ್ಲ. ಈಗ ನೀವೂ ಅದನ್ನೇ ಬೋರ್ಡ್ ಮೇಲೆ ಬರೆದ್ರಲ್ಲ ಸಾರ್. ಓದಿರೋರು.”

ಬೆಂಕಿ ಬಿದ್ದರೆ ಆ ಬಾಗಿಲಿನತ್ತ ಓಡಬೇಕಾದವರು ಮಂಜುಳಾ. ಅದು ಅವರ ವಿಷಯವಲ್ಲದಿದ್ದರೆ ಮತ್ತಾರ ವಿಷಯ? ಪದದ ಹುಟ್ಟನ್ನು ಹೇಳುವ ಉತ್ಸಾಹದಲ್ಲಿ, ಆ ಕತೆಯಲ್ಲಿ ಗದರಿಸಿದವನು ಯಾರು, ಸುಮ್ಮನಾದವನು ಯಾರು ಎಂದು ನಾನೇಕೆ ಯೋಚಿಸಲಿಲ್ಲ?

“ನಾನು ಹೇಳಿದ್ದು ತಪ್ಪು. ಮತ್ತೆ ಹೆಸರು ಕೊಡಿ,” ಎಂದೆ.

“ಮುಂದಿನ್ ಮೀಟಿಂಗ್ ಇನ್ನು ಮೂರು ತಿಂಗ್ಳಿಗೆ ಸಾರ್,” ಎನ್ನುತ್ತ ಅವರು ಬಸ್ ಹತ್ತಿದರು.

ಅಲ್ಲಿಯವರೆಗೆ ಆ ಬಾಗಿಲಿಗೆ ಅಡ್ಡ ನಿಂತಿರುವುದು ಬರೀ ರಟ್ಟಿನ ಪೆಟ್ಟಿಗೆಗಳೇ?