ದೇವಿಯಾಗಿ ಕುಳಿತವಳಿಗೆ ನಾನು ಹೇಳಿದ ಮಾತು

ನಾನು ದೇವಿಯ ಹೆಸರು ಹೇಳಿ ಒಂದು ಮಗುವನ್ನು ಹೆದರಿಸಿದೆ. ಅವಳು ನನ್ನ ಅಣ್ಣನ ಮಗಳು ಸುಮನಾ. ಆಗ ಹತ್ತು ವರ್ಷ. ಆ ಹೆದರಿಕೆ ಹತ್ತೊಂಬತ್ತು ವರ್ಷ ಅವಳೊಳಗೆ ಬೆಳೆಯಿತು — ನಾನು ಬಾಯಿ ಬಿಡಲಿಲ್ಲ.

ಮದುವೆಯಾಗಿ ಏಳು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಇಚಿಲಂಪಾಡಿಯ ನಮ್ಮ ಮನೆಯಲ್ಲಿ ನವರಾತ್ರಿಗೆ ಕುಮಾರಿ ಪೂಜೆ ಮಾಡಿಸುತ್ತೇನೆಂದು ಹರಕೆ ಹೊತ್ತೆ. ಹುಡುಗಿಯೊಬ್ಬಳನ್ನು ಮಣೆಯ ಮೇಲೆ ಕೂರಿಸಿ, ಅವಳೇ ದೇವಿಯೆಂದು ಕಾಲು ತೊಳೆದು ಆರತಿ ಎತ್ತುವ ಪೂಜೆ. ಇನ್ನೂ ಮೈನೆರೆಯದವಳೇ ಆಗಬೇಕು.

ಪೂಜೆಯ ದಿನ ಬೆಳಿಗ್ಗೆ, ದೇವಿಯಾಗಿ ಕೂರಬೇಕಿದ್ದ ಸುಮನಾಳ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು: “ಅತ್ತೆ, ಇದು ಎಂತ? ಹೊಟ್ಟೆ ನೋಯ್ತಾ ಉಂಟು...”

ಅವಳ ಒಳಲಂಗದಲ್ಲಿ ನೆತ್ತರಿತ್ತು. ಹೊರಗೆ ಭಟ್ಟರು ಕಲಶ ಇಟ್ಟಾಗಿತ್ತು, ನೆಂಟರು ಬಂದು ಕೂತಾಗಿತ್ತು. ಪೂಜೆ ನಿಂತರೆ ನನಗೆ ಮಗುವಾಗುವುದಿಲ್ಲ — ಆಗ ಅಷ್ಟೇ ಕಂಡದ್ದು. ಬಟ್ಟೆ ಮಡಚಿ ಕೊಟ್ಟೆ. ರಟ್ಟೆ ಹಿಡಿದು ಹೇಳಿದೆ:

“ಯಾರತ್ರವೂ ಹೇಳ್ಬೇಡ. ಹೇಳಿದ್ರೆ ದೇವಿ ನಿನ್ನನ್ನು ಬಿಡುದಿಲ್ಲ.”

ಅವಳು ಮಣೆಯ ಮೇಲೆ ಕೂತಳು. ನಾನು ಅವಳ ಕಾಲು ತೊಳೆದೆ. ಭಟ್ಟರು ಅವಳಿಗೆ ಕೆಂಪು ವಸ್ತ್ರ ಹೊದಿಸಿ ನಮಗೆ ತಿಳಿಸಿದರು: “ಈ ಕೆಂಪು ಎಂತ ಗೊತ್ತುಂಟಾ? ಹುಟ್ಟಿಸುವ ಶಕ್ತಿ. ದೇವಿ ಅಂದ್ರೆ ಅದೇ.” ಎಲ್ಲರೂ ಕೈಮುಗಿದರು. ಕೆಡ್ಡಸ ಹಬ್ಬದಲ್ಲಿ ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ಮಣ್ಣು ಅಗೆಯದೆ ಗೌರವಿಸುವವರು ನಾವು. ಅದೇ ಗೌರವವನ್ನು ಎದುರಿಗಿದ್ದ ಮಗುವಿಗೂ ಕೊಡಬಹುದೆಂದು ನನಗೆ ಹೊಳೆಯಲಿಲ್ಲ — ಅಲ್ಲ, ಹೊಳೆಯಿತು. ಹೊಳೆದೂ ಸುಮ್ಮನಿದ್ದೆ.

ಮರುವರ್ಷ ಮಗ ಹುಟ್ಟಿದ. ಹೆದರುವ ಸರದಿ ಆಗ ನನ್ನದಾಯಿತು. ಸತ್ಯ ಹೇಳಿದ ಮೇಲೆ ದೇವಿ ಕೊಟ್ಟದ್ದನ್ನು ತಿರುಗಿ ತೆಗೆದುಕೊಂಡರೆ? ಅವನಿಗೆ ಸಣ್ಣ ಜ್ವರ ಬಂದರೂ ದೇವಿಗೆ ಕಾಣಿಕೆ ತೆಗೆದಿಡುತ್ತಿದ್ದೆ. ಅತ್ತ ಸುಮನಾ ದೇವಿ ಗುಡಿಯ ಹೊಸ್ತಿಲು ದಾಟುತ್ತಿರಲಿಲ್ಲ, ಅಂಗಳದಲ್ಲೇ ನಿಲ್ಲುತ್ತಿದ್ದಳು. ಹಠ ಎಂದರು ಎಲ್ಲರೂ. ನಾನೂ ಅಂದೆ.

ಕಳೆದ ತಿಂಗಳು ಅವಳನ್ನು ನೋಡಲು ಪುತ್ತೂರಿನ ಆಸ್ಪತ್ರೆಗೆ ಹೋದೆ. ಎರಡನೆಯ ಸಲವೂ ಗರ್ಭಪಾತವಾಗಿತ್ತು. ಗೋಡೆಯ ಕಡೆ ಮುಖ ಮಾಡಿಯೇ ಅಂದಳು:

“ಅಂದು ಮೈಲಿಗೆಯಲ್ಲಿ ದೇವಿಯಾಗಿ ಕೂತೆ ಅಲ್ವಾ ಅತ್ತೆ... ಅವಳು ಬಿಡ್ಲಿಲ್ಲ.”

ನಾನು ಎದ್ದು ಹೊರಗೆ ಹೋದೆ. ಮಗನಿಗೆ ಫೋನ್ ಮಾಡಿದೆ. “ಎಂತ ಅಮ್ಮ?” ಎಂದ. ಅವನ ದನಿ ಕೇಳಿದರೆ ಸಾಕಿತ್ತು. ಮತ್ತೆ ಒಳಗೆ ಹೋಗಿ, ಅವಳ ತಾಯಿಯ — ನನ್ನ ಅತ್ತಿಗೆಯ — ಎದುರೇ ಎಲ್ಲವನ್ನೂ ಹೇಳಿದೆ.

“ಅದು ಮೈಲಿಗೆ ಅಲ್ಲ ಮಗಾ. ಬಿಡುದಿಲ್ಲ ಹೇಳಿದ್ದು ದೇವಿಯೂ ಅಲ್ಲ. ನಾನು. ನನ್ನ ಹರಕೆಗೆ ಬೇಕಾಗಿ.”

ಸುಮನಾ ಈ ಕಡೆ ತಿರುಗಿದಳು.

“ನಾನು ಇಷ್ಟು ವರ್ಷ ಹೆದರಿದ್ದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅತ್ತಿಗೆ ಎದ್ದು ಬಂದು, ನನಗೂ ಮಂಚಕ್ಕೂ ನಡುವೆ ನಿಂತರು. ನಾನು ಹೊರಟೆ.

ಆಮೇಲೆ ಸುಮನಾ ನನ್ನ ಫೋನ್ ಎತ್ತಿಲ್ಲ. ಎತ್ತು ಎಂದು ಕೇಳುವ ಹಕ್ಕು ನನಗಿಲ್ಲ. ಮಗನಿಗೆ ಇನ್ನೂ ಹೇಳಿಲ್ಲ. ಇವತ್ತು ಊಟಕ್ಕೆ ಬಂದಾಗ ಹೇಳುತ್ತೇನೆ. ಹೆದರಿಕೆ ಹೋಗಿದೆಯೆಂದಲ್ಲ — ಇದನ್ನು ಬರೆಯುವ ನಡುವೆ ಎರಡು ಸಲ ಅವನಿಗೆ ಫೋನ್ ಮಾಡಿದೆ.