ಪಡಖಾನೆಗೆ ಎದುರಾಗಿ ಹಿಂಡಿದ ನಿಂಬೆಹಣ್ಣು

ನಮ್ಮೂರಿನ ಹೆಂಡದ ಪಡಖಾನೆ ಇದ್ದದ್ದು ಹುಣಸೂರಿನ ದಾರಿ ಊರಿಗೆ ಬಂದು ಸೇರುವ ಕಡೆ. ಸಂತೆಯಿಂದ ಬರಲಿ, ಕಾಡಿನಿಂದ ಬರಲಿ, ಯಾವ ಗಾಡಿಯಾದರೂ ಅದನ್ನು ದಾಟಿಯೇ ಮನೆ ಸೇರಬೇಕು. ನಮ್ಮನೆಯವರು ಗಾಡಿ ಹೊಡೆಯುತ್ತಿದ್ದರು. ಹೆಗ್ಗಡದೇವನಕೋಟೆ ಕಡೆಯ ಕಾಡಿನಿಂದ ಮರದ ದಿಮ್ಮಿ ಹೇರಿಕೊಂಡು ಹುಣಸೂರಿಗೆ ಇಳಿಸಿ ಬರುವುದು ಅವರ ಕೆಲಸ. ಬರುವಾಗ ಪಡಖಾನೆಯ ಮುಂದೆ ನಿಲ್ಲುವುದು ಎತ್ತುಗಳಿಗೂ ರೂಢಿಯಾಗಿ ಹೋಗಿತ್ತು. ಒಂದು ಸಲ ರಾವಂದೂರಿನ ನನ್ನ ತವರಿಂದ ಇಬ್ಬರೂ ಬರುತ್ತಿದ್ದೆವು. ಯಾರೂ ಹಗ್ಗ ಎಳೆಯಲಿಲ್ಲ, ಹೋ ಅನ್ನಲಿಲ್ಲ, ಎತ್ತುಗಳು ಅಲ್ಲಿ ತಾವಾಗಿ ನಿಂತುಬಿಟ್ಟವು. ಒಳಗಿದ್ದವರೆಲ್ಲ ನಕ್ಕರು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಕೂತೆ. ಹಟ ಹುಟ್ಟಿದ್ದು ಅವತ್ತೇ.

ಕುಡಿದು ಬಂದು ಕೈ ಮಾಡಿದ ಮನುಷ್ಯ ಅಲ್ಲ ಅವರು. ಅದು ತಾಯಿ ಚಾಮುಂಡಿಯ ದಯೆ, ಇಲ್ಲ ಅಂದರೆ ನಾಲಿಗೆ ಸೇದಿ ಹೋದೀತು. ಆದರೆ ಮುದ್ದೆ ಆರಿ ಕಲ್ಲಾಗುವವರೆಗೆ ಕಾಯುವುದು, ಬಂದ ಮೇಲೂ ಮಾತಿಲ್ಲ ಕತೆಯಿಲ್ಲ, ಗೋಡೆಗೆ ತಿರುಗಿ ಮಲಗುವುದನ್ನು ನೋಡುವುದು, ಇದು ಸಂಸಾರವೇ? ನನಗೆ ಸಾಯಂಕಾಲ ಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುವ ಗಂಡ ಬೇಕಿತ್ತು. ಅಷ್ಟೇ.

ಹರಕೆ ಹೊತ್ತುಕೋ ಅಂದರು ಊರ ಹೆಂಗಸರು. ಸೋಮವಾರದ ಒಪ್ಪತ್ತು ಮೊದಲೇ ಮಾಡುತ್ತಿದ್ದೆ. ತವರಿಗೆ ಹೋಗಿ ಕೂತುಕೋ, ಆಗ ಬುದ್ಧಿ ಬರುತ್ತದೆ ಅಂದರು. ನಾನು ಹೋಗಿ ಕೂತರೆ ಪಡಖಾನೆಯವನಿಗೆ ಇನ್ನೂ ಅನುಕೂಲ. ಕೊನೆಗೆ ನಮ್ಮನೆಯವರನ್ನೇ ಕೇಳಿದೆ, ಅಲ್ಲೇನಿದೆ ಅಂತ.

"ಏನಿಲ್ಲ ಕಣೆ. ಗಂಟ್ಲು ತಣ್ಣಗಾಯ್ತದೆ. ದಾರಿ ಧೂಳು ಇಳೀತದೆ. ನಾಕು ಜನ ಮಾತಾಡ್ತಾರೆ. ಮನೇಲಿ ಏನೈತೆ? ಒಲೆ ಒಗೆ, ನಮ್ಮವ್ವನ ಕೆಮ್ಮು."

ಅವರು ಸುಳ್ಳು ಹೇಳಲಿಲ್ಲ. ಸರಿ, ಪಡಖಾನೆಯವನು ಕೊಡುವುದನ್ನು ನಾನೂ ಕೊಡುತ್ತೇನೆ ಅಂದುಕೊಂಡೆ.

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ನಿಂಬೆಗಿಡ ಇತ್ತು. ಯಾರೂ ನೆಟ್ಟದ್ದಲ್ಲ, ತಾನಾಗಿ ಹುಟ್ಟಿದ್ದು. ಹಣ್ಣು ಕಿತ್ತು ಮರಳು ತುಂಬಿದ ಮಡಕೆಯಲ್ಲಿ ಹೂತಿಟ್ಟರೆ ಬೇಸಿಗೆಯಲ್ಲೂ ಒಣಗದೆ ಇರುತ್ತಿದ್ದವು. ಮೊದಲ ದಿನ ಬೆಲ್ಲ ನೆನೆಸಿ ಬಟ್ಟೆಯಲ್ಲಿ ಸೋಸಿ, ಹಣ್ಣು ಹಿಂಡಿ, ಏಲಕ್ಕಿ ಮೆಣಸು ಕುಟ್ಟಿ ಹಾಕಿ, ದೇವರ ಮುಂದೆ ಒಂದು ಲೋಟ ಇಟ್ಟು, ಆಮೇಲೆ ಅವರ ಕೈಗೆ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ರಾಮನವಮಿ ಬಂತಾ?" ಅಂದು ಮೇಲುವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಪಡಖಾನೆಗೆ ಹೊರಟರು.

ಆಗ ಅರ್ಥವಾಯಿತು. ದೇವರಿಗೆ ಒಪ್ಪಿದ ಸಿಹಿ ಗಾಡಿ ಹೊಡೆಯುವವನ ಗಂಟಲಿಗೆ ಒಪ್ಪುವುದಿಲ್ಲ. ಮಾರನೆಯ ದಿನ ಬೆಲ್ಲಕ್ಕೆ ಕೈ ಹಾಕಲಿಲ್ಲ. ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ. ಹಣ್ಣನ್ನು ಕಲ್ಲಿನ ಮೇಲೆ ಅಂಗೈಯಲ್ಲಿ ಉರುಳಿಸಿ ಮೆತ್ತಗೆ ಮಾಡಿ ಹಿಂಡಿದೆ. ಬೀಜ ಜಜ್ಜಬಾರದು, ಸಿಪ್ಪೆಯನ್ನು ಕೊನೆಯವರೆಗೂ ಕಿವುಚಬಾರದು, ಎರಡರಲ್ಲೂ ಕಹಿ ಇರುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಿಲುಬುತ್ತದೆ ಅಂತ ಹೊಸ ಮಡಕೆಯಲ್ಲಿ ಬೆರೆಸಿ, ಒದ್ದೆ ಮರಳಿನ ಮೇಲೆ ಕೂರಿಸಿದೆ. ಜೊತೆಗೆ ಹುರಿದ ಹುರುಳಿಕಾಳು. ಅವತ್ತು ಅವರು ಎರಡನೆಯ ಲೋಟ ಕೇಳಿದರು. ಮಲಗುವಾಗ ಅದನ್ನು ನೆನೆದು ಕೈಮುಗಿದೆ.

ಒಂದೇ ರುಚಿ ಕೊಟ್ಟರೆ ಬೇಸರ ಬರುತ್ತದೆಂದು ದಿನಕ್ಕೊಂದು ಬಗೆ ಮಾಡತೊಡಗಿದೆ. ನಿಂಬೆಹಣ್ಣನ್ನು ಕೆಂಡದಲ್ಲಿ ಸುಟ್ಟು ಹಿಂಡಿ ಹುರಿದ ಜೀರಿಗೆ ಹಾಕಿದರೆ ಹೊಗೆಯ ವಾಸನೆ ಬರುತ್ತದೆ, ಗಂಡಸರಿಗೆ ಅದು ಹಿಡಿಸುತ್ತದೆ. ಹುಣಸೂರಿನ ಸಂತೆಯಲ್ಲಿ ಗೋಲಿಸೋಡ ಮಾರುವ ಸಾಹೇಬರ ಮನೆಯಾಕೆ ನನಗೆ ಕಾಮಕಸ್ತೂರಿ ಬೀಜ ನೆನೆಹಾಕುವುದನ್ನು ಹೇಳಿಕೊಟ್ಟರು. ರಂಜಾನಿನಲ್ಲಿ ಅವರ ಮನೆಯ ಶರಬತ್ತಿಗೆ ಹಾಕುತ್ತಿದ್ದರಂತೆ. ಸಂತೆಯ ದಿನ ಸೋಡ ತಂದು ಉಪ್ಪು ನಿಂಬೆಗೆ ಸುರಿದರೆ ಲೋಟ ಬುಸುಗುಡುತ್ತಿತ್ತು.

"ಅವ್ನ್ ಅಂಗಡೀದು ಇಂಗೆ ಬುಸುಗುಟ್ಟಾಕಿಲ್ಲ ಕಣೆ," ಅಂದರು ನಮ್ಮನೆಯವರು.

ಬೇಸಿಗೆ ಏರುವ ಹೊತ್ತಿಗೆ ಅವರ ಜೊತೆ ಗಾಡಿ ಹೊಡೆಯುವ ಮೂವರು ನಮ್ಮ ಜಗಲಿಗೆ ಬಂದು ಕೂರತೊಡಗಿದರು. ಪಕ್ಕದ ಮನೆಯವಳು ಬೇಲಿಯ ಮೇಲಿಂದ ಕತ್ತು ಚಾಚಿ, "ಏನವ್ವಾ, ಪಡಖಾನೆ ಗುತ್ತಿಗೆ ನೀನೇ ಇಡಿದ್ಯಾ?" ಅಂದಳು.

"ಇಡಿದಿವ್ನಿ. ನಿನ್ ಗಂಡನ್ನೂ ಕಳ್ಸು," ಅಂದೆ. ಅವಳು ತಲೆ ಒಳಗೆ ಎಳೆದುಕೊಂಡಳು.

ಇಷ್ಟೆಲ್ಲ ಆದರೂ ನನ್ನ ಅತ್ತೆಗೆ ನಿಂಬೆಹಣ್ಣು ಉಪ್ಪಿನ ಮೇಲೆ ನಂಬಿಕೆ ಇರಲಿಲ್ಲ. ಮಲೆಯಾಳದ ಒಬ್ಬ ಮಂತ್ರವಾದಿ ಊರ ಮೇಲೆ ಹಾದು ಹೋಗುವಾಗ ಅತ್ತೆ ನನಗೆ ತಿಳಿಯದಂತೆ ಒಂದು ನಿಂಬೆಹಣ್ಣಿಗೆ ಮಂತ್ರ ಹಾಕಿಸಿ ತಂದರು. ಮಗನ ಕಾಲು ಮನೆ ಹಿಡಿಯಲಿ ಅಂತ. ಅಮಾವಾಸ್ಯೆಯವರೆಗೂ ಮನೆಯಲ್ಲಿಟ್ಟು, ಆಮೇಲೆ ಹೊಸಿಲ ಪಕ್ಕ ಹೂಳಬೇಕಾಗಿತ್ತಂತೆ. ಮಗನ ಕಣ್ಣಿಗೆ ಬೀಳಬಾರದೆಂದು ಅದರ ಕುಂಕುಮ ಒರೆಸಿ, ನನ್ನ ಮರಳಿನ ಮಡಕೆಯಲ್ಲಿ, ನನ್ನ ಹಣ್ಣುಗಳ ನಡುವೆಯೇ ಹೂತಿಟ್ಟಿದ್ದಾರೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅತ್ತೆ ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮರಳು ಕೆದಕುತ್ತಿದ್ದರು.

"ಏನು ಅತ್ತೆಮ್ಮ?"

"ಇದ್ರಾಗೆ ಒಂದ್ ಅಣ್ಣಿತ್ತಲ್ಲವ್ವಾ. ತೊಟ್ಟಿನ ತಾವ ಸೂಜಿ ಚುಚ್ಚಿದ್ದು."

"ಇದ್ರೆ ಇಂಡಿರ್ತೀನಿ. ಯಾಕೆ?"

ಅತ್ತೆ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಎಲ್ಲ ಹೇಳಿದರು. "ನನ್ ಮಗ ಒಬ್ನೇ ಮನೆ ಇಡೀಲಿ ಅಂತ ತಂದಿದ್ದು ಕಣವ್ವಾ. ನೀನು ನಾಕು ಜನಕ್ಕೂ ಕುಡಿಸ್ಬುಟ್ಟೆ. ಇನ್ನು ಆ ನಾಕೂ ನಮ್ಮ ಜಗಲಿ ಬುಟ್ಟು ಏಳಾಕಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಆ ಸಾಯಂಕಾಲ ನಾಲ್ವರೂ ಒಟ್ಟಿಗೆ ಬಂದು ಸಾಲಾಗಿ ಕೂತಾಗ ಅತ್ತೆ ಬಾಗಿಲ ಸಂದಿಯಿಂದ ನನ್ನನ್ನು ನೋಡಿದರು. ನಾನು ಮಡಕೆಯ ಕಡೆ ತಿರುಗಿಕೊಂಡೆ.

ಗಾಡಿಯವರಲ್ಲಿ ಒಬ್ಬಾತ ತನ್ನ ಹೆಂಡತಿಯ ಎದುರು, "ಅವ್ರ ಮನೇದಂಗೆ ನಿನ್ ಕೈಲಿ ಮಾಡಾಕಾಯ್ತದಾ?" ಅಂದನಂತೆ. ಯಾವ ಹೆಂಗಸು ತಾನೇ ಸಹಿಸುತ್ತಾಳೆ? ಗಂಡ ಪಡಖಾನೆಯಲ್ಲಿ ಕೂತಾಗ ಸುಮ್ಮನಿದ್ದವಳು, ಇನ್ನೊಬ್ಬಳ ಜಗಲಿಯಲ್ಲಿ ಕೂತಾಗ ಉರಿದುಹೋದಳು. ನಾನು ಗಂಡಸರಿಗೆ ಮದ್ದು ಹಾಕುತ್ತೇನೆ ಅಂತ ಕೆರೆ ಏರಿಯ ಮೇಲೆ ನಿಂತು ಹೇಳಿದಳು. ವ್ಯಾಪಾರ ಇಳಿದಿದ್ದ ಪಡಖಾನೆಯವನು ಅದನ್ನೇ ಬಂದವರಿಗೆಲ್ಲ ಹೇಳಿದ.

ಮದ್ದು ಅಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಉಣ್ಣುವುದರಲ್ಲಿ ಕುಡಿಯುವುದರಲ್ಲಿ ಏನೋ ಬೆರೆಸಿ ಮನುಷ್ಯನನ್ನು ತನ್ನ ಕಡೆ ಕಟ್ಟಿಹಾಕುವುದು. ಆ ಹೆಸರು ಬಂದ ಮನೆಯಲ್ಲಿ ಯಾರೂ ಒಂದು ಲೋಟ ನೀರು ಮುಟ್ಟುವುದಿಲ್ಲ. ಹೆಸರು ನಿಂತರೆ ನನ್ನ ಮಡಕೆ ಬೀದಿಯಲ್ಲಿ ಒಡೆಯುತ್ತಾರೆ, ನಮ್ಮನೆಯವರು ಪಡಖಾನೆಗೆ ವಾಪಸ್ಸು. ನನಗಿದ್ದ ಹೆದರಿಕೆ ಇದೊಂದೇ.

ಮಾರಮ್ಮನ ಗುಡಿಯ ಮುಂದಿನ ಕಟ್ಟೆಯಲ್ಲಿ ಪಟೇಲರು ನ್ಯಾಯಕ್ಕೆ ಕೂರುತ್ತಾರೆ ಅಂತ ಕರೆ ಬಂತು. ಕರ್ಪೂರ ಆರಿಸಬೇಕಾಗುತ್ತದೆಂದು ಎಲ್ಲರಿಗೂ ಗೊತ್ತು. ಅಮ್ಮನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಮುಚ್ಚಿ ಆರಿಸಿ ಆಡಿದ ಮಾತು ಸುಳ್ಳಾದರೆ ವಂಶ ಉಳಿಯುವುದಿಲ್ಲ.

ಅತ್ತೆ ಹಿಂದಿನ ದಿನವೆಲ್ಲ ನನ್ನ ಹಿಂದೆ ಹಿಂದೆಯೇ ಸುತ್ತಿದರು. "ಆಣೆ ಮಾಡ್ಬುಡು ಕಣವ್ವಾ. ನಿನಗೆ ಗೊತ್ತಿಲ್ದೆ ಆಗಿದ್ದು."

"ಈಗ ಗೊತ್ತಲ್ಲ, ಅತ್ತೆಮ್ಮ."

"ಅಂಗಾರೆ ನಾನೇ ಏಳ್ಬುಡ್ತೀನಿ."

"ಏಳಬ್ಯಾಡಿ. ಮದ್ದಿನ ಹೆಸ್ರು ನನ್ ಮೇಲಿಂದ ನಿಮ್ ಮೇಲೆ ಓಯ್ತದೆ, ಮನೆ ಅದೇ ತಾನೆ?"

ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡರು.

ಕಟ್ಟೆಯ ಮೇಲೆ ಗಂಡಸರು, ಬೇವಿನ ಮರದಡಿ ಹೆಂಗಸರು. ದೂರು ಹೇಳಿದ ಹೆಂಗಸು ನನ್ನ ಕಡೆ ನೋಡಲಿಲ್ಲ. ಪಟೇಲರು ಕೆಟ್ಟವರಲ್ಲ, ಬೇಗ ಮುಗಿಸಿ ಊಟಕ್ಕೆ ಏಳುವ ಅವಸರದಲ್ಲಿದ್ದರು.

"ನಿಂಬೆಅಣ್ಣು, ಬೆಲ್ಲ, ಉಪ್ಪು, ಶುಂಠಿ, ಇಂಥವು ಬುಟ್ಟು ಬ್ಯಾರೆ ಏನೂ ಆಕಿಲ್ಲ ಅಂತ ಕರ್ಪೂರ ಆರ್ಸವ್ವಾ. ಮುಗೀತು."

ಅಮ್ಮನ ಮುಂದೆ ಕರ್ಪೂರ ಹಚ್ಚಿದರು. ನಾನು ಕೈ ಚಾಚಲಿಲ್ಲ. ನನಗೆ ಸಾಯಂಕಾಲಗಳನ್ನು ಕೊಟ್ಟವಳೇ ಆ ಅಮ್ಮ. ಅವಳ ಮುಂದೆಯೇ ಸುಳ್ಳು ಹೇಳಿ ಅವನ್ನು ಉಳಿಸಿಕೊಳ್ಳಲೇ?

"ಆ ಮಾತಿನ ಮೇಲೆ ನಾನು ಆರ್ಸಾಕಿಲ್ಲ," ಅಂದೆ.

ಜನ ಗುಜುಗುಜು ಅಂದರು. ಪಡಖಾನೆಯವನು, "ನೋಡ್ಕಳ್ರಪ್ಪಾ, ನಾನೇನ್ ಏಳಿದ್ದೆ?" ಅಂದ.

"ನನ್ ಮಾತು ಮುಗ್ದಿಲ್ಲ. ನಾನು ಬೆರೆಸಿದ್ನ ನಮ್ಮನೇವ್ರೂ ಕುಡಿದವ್ರೆ, ನಮ್ಮತ್ತೇನೂ ಕುಡಿದವ್ರೆ, ನಾನೂ ಕುಡಿದಿವ್ನಿ. ಯಾರ್ಗೂ ಕೇಡು ಬಗೆದು ಬೆರೆಸಿಲ್ಲ. ಈ ಮಾತಿನ ಮೇಲೆ ಆರಿಸ್ತೀನಿ. ನಾಳೆ ಸಾಯಂಕಾಲಾನೂ ಇಂಡ್ತೀನಿ. ಆ ಮಾತಿನ ಮೇಲೂ ಆರಿಸ್ತೀನಿ."

ಪಟೇಲರ ಮುಖ ಗಂಟಾಯಿತು. "ಆಣೆ ಮಾತು ಕಟ್ಟೋರು ನಾವು ಕಣಮ್ಮ, ನೀನಲ್ಲ."

"ಸುಡಾದು ನನ್ ಕೈ ಸ್ವಾಮಿ. ಅಮ್ಮಂಗೆ ಲೆಕ್ಕ ಕೊಡೋಳೂ ನಾನು."

ಹೆಂಗಸರ ಕಡೆ ಯಾರೋ ಉಸಿರೆಳೆದರು. ಹಿಂದೆ ಅತ್ತೆ ಎದ್ದು ನಿಂತದ್ದು ತಿಳಿಯಿತು, ಅವರು ಬಾಯಿ ಬಿಡುತ್ತಾರೆ ಅನ್ನಿಸಿತು. ಅಷ್ಟರಲ್ಲಿ ನಮ್ಮನೆಯವರು ಕಟ್ಟೆಯಿಂದ ಇಳಿದು ಬಂದು, "ಸರಿ ಅತ್ತಾಗೆ," ಅಂತ ನನ್ನ ಭುಜ ಸರಿಸಿ, ಉರಿಯುತ್ತಿದ್ದ ಕರ್ಪೂರದ ಮೇಲೆ ತಮ್ಮ ಅಂಗೈ ಇಟ್ಟುಬಿಟ್ಟರು.

"ಮದ್ದು ಐತೋ ಇಲ್ವೋ ನನ್ಗೊತ್ತಿಲ್ಲ. ಇದ್ರೆ ನನ್ ಒಟ್ಟೇಲಿ ಐತೆ. ತೆಗ್ಸಿ ಅಂತ ನಾನೇನ್ ಬಂದಿಲ್ವಲ್ಲ? ಇರ್ಲಿ ಬುಡಿ." ಅಂಗೈ ಕೊಡವಿದರು. "ಪಡಖಾನೆ ಮುಂದೆ ಬಿದ್ದಿದ್ದಾಗ ಒಬ್ರೂ ನನ್ಗೋಸ್ಕರ ನ್ಯಾಯಕ್ಕೆ ಕೂರ್ನಿಲ್ಲ."

ಗಾಡಿಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಪಟೇಲರು ಎಲೆಯಡಿಕೆ ಉಗಿದರು. ಗಂಡನಿಗೆ ಏನಾದರೂ ಕುಡಿಸಿಕೊಳ್ಳಲಿ, ಊರಿನ ಗಂಡಸರಿಗೆ ಆ ಮನೆಯ ಲೋಟ ಬೇಡ, ಅಂತ ಮಾತು ಮುಗಿಸಿ ಎದ್ದರು.

ಮಡಕೆ ಉಳಿಯಿತು. ಆದರೆ ಜಗಲಿ ಖಾಲಿಯಾಯಿತು. ಮಾರನೆಯ ದಿನ ಗಾಡಿಯವರು ನಮ್ಮ ಮನೆಯ ಮುಂದೆ ಹಾದು ಹೋಗುವಾಗ ಕತ್ತು ತಗ್ಗಿಸಿಕೊಂಡರು. ನಮ್ಮನೆಯವರು ಒಬ್ಬರೇ ಕೂತು ಲೋಟ ಹಿಡಿದು ಬೀದಿ ನೋಡುತ್ತಿದ್ದರು. ಒಂದು ಕಾಲನ್ನು ಆಗಲೇ ಜಗಲಿಯ ಕೆಳಗೆ ಇಳಿಬಿಟ್ಟಿದ್ದರು. ಪಡಖಾನೆಯ ಕಡೆಯಿಂದ ಗದ್ದಲ ಕೇಳಿಸುತ್ತಿತ್ತು. ನನ್ನ ಕೈಯಲ್ಲಿ ಎಷ್ಟು ಬಗೆ ಇದ್ದರೇನು, ಮಾತಾಡುವ ಬಾಯಿ ಇಲ್ಲದ ಮೇಲೆ ಯಾವ ನಿಂಬೆಹಣ್ಣು ಆ ಕಾಲನ್ನು ಹಿಡಿದು ಕೂರಿಸೀತು?

ನಮ್ಮ ಕಡೆ ಹೆಂಗಸರು ಸಾಯಂಕಾಲ ಜಗಲಿಯಲ್ಲಿ ಗಂಡನ ಎದುರು ಕೂರುವುದಿಲ್ಲ. ಒಳಗಿಂದ ಕೈ ಚಾಚಿ ಕೊಡುತ್ತೇವೆ, ಬಾಗಿಲ ಮರೆಯಲ್ಲಿ ನಿಲ್ಲುತ್ತೇವೆ. ನಾನು ಒಂದು ಲೋಟ ನನಗೂ ಬಗ್ಗಿಸಿಕೊಂಡು, ಹೊಸಿಲು ದಾಟಿ ಬಂದು ಕಂಬಕ್ಕೆ ಒರಗಿ ಕೂತೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮದ್ದಿನವಳು ಅನ್ನಿಸಿಕೊಂಡವಳಿಗೆ ಇನ್ನೇನು ಬರಬೇಕು, ನೋಡಲಿ ಅಂದುಕೊಂಡೆ.

"ಒಳೀಕ್ ಓಗೆ, ಜನ ನೋಡ್ತಾರೆ," ಅಂದರು.

"ನೋಡ್ಲಿ. ಆ ಎಡಗಡೆ ಎತ್ತು ಯಾಕೆ ಕುಂಟ್ತಾ ಐತೆ?"

ಅವರು ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಎತ್ತಿನ ಮಾತು ನಾನು ಕೇಳಿದ್ದಿಲ್ಲ. ಲಾಳ ಸವೆದಿದೆ ಅಂದರು. ಲಾಳದಿಂದ ಕಾಡಿನ ದಾರಿಯ ಕಲ್ಲಿಗೆ ಮಾತು ಹೋಯಿತು, ಅಲ್ಲಿಂದ ದಿಮ್ಮಿ ಎಳೆಯುವ ಆನೆಗೆ. ಸ್ವಲ್ಪ ಹೊತ್ತಿಗೆ ಅತ್ತೆಯೂ ಕೆಮ್ಮುತ್ತ ಬಂದು ಇನ್ನೊಂದು ಕಂಬ ಹಿಡಿದು ಕೂತರು. ಅವರು ಬಾಯಿ ಬಿಚ್ಚಿದರೆ ಪಡಖಾನೆಯವರೆಲ್ಲ ಸೋಲಬೇಕು, ಅದು ನನಗೆ ಅವತ್ತೇ ಗೊತ್ತಾಗಿದ್ದು. ಮಗ ಚಿಕ್ಕವನಿದ್ದಾಗ ಎಮ್ಮೆಯ ಮೇಲಿಂದ ಕೆಸರಿಗೆ ಬಿದ್ದದ್ದನ್ನು ಹೇಳಿ ಅವರನ್ನು ನಗಿಸಿದರು.

ನಮ್ಮನೆಯವರು ಪಡಖಾನೆಯನ್ನು ಪೂರ್ತಿ ಬಿಟ್ಟರು ಅಂತ ನಾನು ಹೇಳುವುದಿಲ್ಲ. ಸಂತೆಯ ದಿನ ಕೆಲವು ಸಲ ಹೋದರು. ಹೋಗದ ದಿನಗಳಿಗೆ ನಾನು ಕೈಮುಗಿದೆ, ಹೋದ ದಿನಗಳಿಗೂ ಮಡಕೆ ತುಂಬಿಸಿಟ್ಟೆ. ದೂರು ಹೇಳಿದ ಹೆಂಗಸು ಒಂದು ದಿನ ಹಿತ್ತಲ ಕಡೆಯಿಂದ ಬಂದು, ಹಣ್ಣು ಸುಟ್ಟು ಹಿಂಡುವುದು ಹೇಗೆ ಅಂತ ಕೇಳಿದಳು. ಹೇಳಿಕೊಟ್ಟೆ. ನೀರು ಕೊಟ್ಟೆ, ಕುಡಿದಳು. ಮುಂದಿನ ಬಾಗಿಲಿಂದ ಬಾ ಅಂದೆ, ಅದಕ್ಕೆ ಮಾತ್ರ ಒಪ್ಪಲಿಲ್ಲ.

ಜಗಲಿಯಲ್ಲಿ ಕೂರುವುದನ್ನು ನಾನು ಬಿಡಲಿಲ್ಲ. ಗಂಡನ ಸರಿಸಮ ಕೂತು ಕುಡಿಯುತ್ತಾಳೆ ಅಂತ ಊರು ಆಡಿಕೊಂಡಿತು. ಕುಡಿಯುತ್ತೇನೆ, ನಿಂಬೆಹಣ್ಣಿನ ನೀರನ್ನು, ದೇವರಿಗೆ ತೋರಿಸಿ. ಒಂದು ಸಾಯಂಕಾಲ ಶುಂಠಿ ಮೆಣಸಿನಕಾಯಿ ಎರಡನ್ನೂ ಧಾರಾಳವಾಗಿ ಜಜ್ಜಿ ಹಾಕಿದ್ದೆ. ನಮ್ಮನೆಯವರು ಒಂದು ಗುಟುಕಿಗೆ ಕಣ್ಣಲ್ಲಿ ನೀರು ತಂದುಕೊಂಡರು.

"ಕಾರ ಜಾಸ್ತಿ ಆಗೈತೆ ಕಣೆ."

"ಜಾಸ್ತಿ ಆಗಿದ್ರೆ ಮೆಲ್ಲಗೆ ಕುಡೀರಿ," ಅಂದೆ.

ಮೆಲ್ಲಗೆ ಕುಡಿದರು.